ಸೋರುವ ಕ್ಲಾರಿನೆಟ್ಟಿನ ದುರಸ್ತಿ

ಹಳೆಯ ಕ್ಲಾರಿನೆಟ್ಟಿನ ಮಂದ್ರ ಸ್ವರಗಳು ತಡವರಿಸಿ ಕೀರಲು ತೊಡಗಿದರೆ ಮರವೇ ಜೀರ್ಣವಾಯಿತೆಂದು ಭಾವಿಸಿ ವಾದ್ಯವನ್ನು ಮೂಲೆಗೆ ಸೇರಿಸುವುದುಂಟು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಮರದಲ್ಲಲ್ಲ, ರಂಧ್ರಗಳನ್ನು ಮುಚ್ಚುವ ಪ್ಯಾಡ್‌ಗಳಲ್ಲಿ. ಕ್ಲಾರಿನೆಟ್ಟಿನ ಒಡಲು ಬಹುಮಟ್ಟಿಗೆ ಒಂದೇ ಅಗಲದ ಕೊಳವೆಯಾಗಿದ್ದು, ರೀಡ್ ಇರುವ ತುದಿ ಧ್ವನಿವಿಜ್ಞಾನದ ದೃಷ್ಟಿಯಿಂದ ಮುಚ್ಚಿದ ತುದಿಯಂತೆ ವರ್ತಿಸುವುದರಿಂದ, ಹೆಬ್ಬೆರಳಿನ ರಿಜಿಸ್ಟರ್ ಕೀಯನ್ನು ಒತ್ತಿದಾಗ ಷಡ್ಜವು ಮೇಲಿನ ಷಡ್ಜಕ್ಕಲ್ಲದೆ ಅದನ್ನೂ ದಾಟಿ ಮೇಲಿನ ಸ್ಥಾಯಿಯ ಪಂಚಮಕ್ಕೆ ಜಿಗಿಯುತ್ತದೆ. ಈ ಜಿಗಿತಕ್ಕೆ ಕಾರಣವಾಗುವ ರಂಧ್ರದ ವ್ಯಾಸ ಸುಮಾರು 3 ಮಿಲಿಮೀಟರ್ ಮಾತ್ರ. ಹಾಗಿರುವಾಗ ಮೇಲ್ಭಾಗದ ಯಾವುದೋ ಪ್ಯಾಡಿನ ಅಂಚಿನಲ್ಲಿರುವ ಕಿರಿದಾದ ಸಂದೂ ಅನಪೇಕ್ಷಿತ ರಿಜಿಸ್ಟರ್ ರಂಧ್ರವಾಗಿ ವರ್ತಿಸಿ, ಅದರ ಕೆಳಗಿನ ಎಲ್ಲ ಸ್ವರಗಳನ್ನೂ ಕೆಡಿಸಬಲ್ಲದು.

1839ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ವಾದಕ ಇಯಾಸಿಂತ್ ಕ್ಲೋಸೆ ಮತ್ತು ತಯಾರಕ ಲೂಯಿ ಆಗಸ್ಟ್ ಬ್ಯುಫೆ ಸೇರಿ ರೂಪಿಸಿದ, ಈಗ ಬೋಮ್ ಪದ್ಧತಿಯೆಂದು ಹೆಸರಾದ ವಿನ್ಯಾಸದಲ್ಲಿ 17 ಕೀಗಳಿರುತ್ತವೆ. ದುರಸ್ತಿಗಾರರು ಇವನ್ನೆಲ್ಲ ಕಳಚಿ, ಒಣಗಿ ಅಂಟಾದ ಎಣ್ಣೆಯನ್ನು ತೊಳೆದು, ತುಕ್ಕು ಹಿಡಿದ ಸೂಜಿಯಾಕಾರದ ಉಕ್ಕಿನ ಸ್ಪ್ರಿಂಗುಗಳನ್ನು ಬದಲಿಸಿ, ಅನಂತರವಷ್ಟೇ ಪ್ಯಾಡ್‌ಗಳಿಗೆ ಕೈಹಾಕುತ್ತಾರೆ. ಏಕೆಂದರೆ ಸಡಿಲವಾಗಿ ಅಲುಗುವ ಕೀಗೆ ಎಷ್ಟು ಒಳ್ಳೆಯ ಪ್ಯಾಡ್ ಕೂರಿಸಿದರೂ ಅದು ಪ್ರತಿ ಸಲ ಬೇರೆ ಜಾಗದಲ್ಲಿ ಬಂದು ಕೂರುತ್ತದೆ. ಸಾಂಪ್ರದಾಯಿಕ ಪ್ಯಾಡ್ ಎಂದರೆ ರಟ್ಟಿನ ಬಿಲ್ಲೆಯ ಮೇಲೆ ಫೆಲ್ಟ್ ಇಟ್ಟು ಪ್ರಾಣಿಜನ್ಯ ತೆಳುಪೊರೆಯಿಂದ ಸುತ್ತಿದ ಪುಟ್ಟ ಮೆತ್ತೆ. ಕೀಯ ಬಟ್ಟಲನ್ನು ದೀಪದ ಉರಿಯಲ್ಲಿ ಬಿಸಿಮಾಡಿ, ಕರಗಿದ ಅರಗಿನಲ್ಲಿ ಪ್ಯಾಡನ್ನು ಕೂರಿಸಿ, ಅರಗು ಗಟ್ಟಿಯಾಗುವ ಮೊದಲೇ ಅದರ ಮಟ್ಟ ಸರಿಪಡಿಸಬೇಕಾಗುತ್ತದೆ. ಮಟ್ಟ ಸರಿಯಾಗಿದೆಯೇ ಎಂದು ತಿಳಿಯಲು ಸಿಗರೇಟ್ ಕಾಗದದ ಕಿರುಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು ಎಲ್ಲ ದಿಕ್ಕುಗಳಿಂದಲೂ ಎಳೆದು ನೋಡುತ್ತಾರೆ. ಹಿಡಿತ ಎಲ್ಲೆಡೆ ಸಮನಾಗುವವರೆಗೆ ಈ ಕೆಲಸ ಮುಗಿಯುವುದಿಲ್ಲ. ಕಡೆಗೆ ಕೊಳವೆಯ ಒಂದು ತುದಿಯನ್ನು ಅಂಗೈಯಿಂದ ಒತ್ತಿಹಿಡಿದು, ರಂಧ್ರಗಳನ್ನೆಲ್ಲ ಮುಚ್ಚಿ, ಇನ್ನೊಂದು ತುದಿಯಿಂದ ಗಾಳಿ ಹೀರಿದಾಗ ಉಂಟಾಗುವ ನಿರ್ವಾತದ ಸೆಳೆತ ಕೆಲಕಾಲ ಉಳಿದರೆ ಸೋರಿಕೆಯಿಲ್ಲವೆಂದು ಅರ್ಥ. ಇಡೀ ದುರಸ್ತಿಯಲ್ಲಿ ಅತ್ಯಂತ ತಾಳ್ಮೆಯನ್ನು ಬೇಡುವ, ಅತ್ಯಂತ ಫಲಕಾರಿಯಾದ ಘಟ್ಟವೆಂದರೆ ಪ್ಯಾಡ್‌ಗಳನ್ನು ಹೀಗೆ ಕೂರಿಸಿ ಪರೀಕ್ಷಿಸುವುದೇ.

ಮರವೂ ಸೀಳುವುದಿಲ್ಲವೆಂದಲ್ಲ. ಉತ್ತಮ ಕ್ಲಾರಿನೆಟ್ಟುಗಳನ್ನು ಆಫ್ರಿಕಾದ ಗ್ರೆನಡಿಲ್ಲಾ ಎಂಬ, ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದ ಕರಿಮರದಿಂದ ಮಾಡುತ್ತಾರೆ. ವಾದಕರ ಬೆಚ್ಚನೆಯ ತೇವದ ಉಸಿರಿಗೆ ಒಳಮೈ ಹಿಗ್ಗುವಾಗ ಹೊರಮೈ ಒಣಗಿಯೇ ಇದ್ದರೆ, ಆ ಸೆಳೆತಕ್ಕೆ ಮೇಲಿನ ಭಾಗದಲ್ಲಿ ಬಿರುಕು ಮೂಡಬಹುದು. ಬಿರುಕಿಗೆ ಅಡ್ಡಲಾಗಿ ಉಕ್ಕಿನ ಸಣ್ಣ ತಿರುಪುಗಳನ್ನು ಹೂತು, ಸಂದಿಗೆ ಮರದ ಪುಡಿ ಮತ್ತು ಅಂಟನ್ನು ತುಂಬಿದರೆ ವಾದ್ಯ ದಶಕಗಳ ಕಾಲ ನುಡಿಯಬಲ್ಲದು. ಆದರೆ ಹೊಳಪಿನ ಆಸೆಗೆ ಒಳಗೊಳವೆಯನ್ನು ಉಜ್ಜುವುದು ಮಾತ್ರ ಅಕ್ಷಮ್ಯ, ಏಕೆಂದರೆ ಶ್ರುತಿಯನ್ನು ನಿರ್ಧರಿಸುವ ಅಳತೆಗಳು ಅಲ್ಲಿಯೇ ಇವೆ, ಸವೆದ ಮರ ಮರಳಿ ಬಾರದು.

ಎಷ್ಟು ದುರಸ್ತಿ ಮಾಡಿದರೂ ಇಂದಿನ ಶ್ರುತಿಗೆ ಹೊಂದದ ವಾದ್ಯಗಳೂ ಇವೆ. ಬ್ರಿಟಿಷ್ ಮಿಲಿಟರಿ ಬ್ಯಾಂಡುಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಬಳಕೆಯಲ್ಲಿದ್ದ ಸುಮಾರು 452 ಹರ್ಟ್ಸ್ ಶ್ರುತಿಯ ಕ್ಲಾರಿನೆಟ್ಟುಗಳು 440 ಹರ್ಟ್ಸ್‌ನವುಗಳಿಗಿಂತ ಗಿಡ್ಡವಾಗಿರುತ್ತವೆ. ಮೇಲಿನ ಜೋಡಣೆಯನ್ನು ತುಸು ಹೊರಕ್ಕೆಳೆದು ಉದ್ದ ಹೆಚ್ಚಿಸಬಹುದಾದರೂ, ಕೊಳವೆಯ ಸ್ವಲ್ಪ ಭಾಗವನ್ನಷ್ಟೇ ಬಳಸುವ ಸ್ವರಗಳು ಅದರಿಂದ ಹೆಚ್ಚು ಇಳಿದು, ಪೂರ್ಣ ಕೊಳವೆಯ ಸ್ವರಗಳು ಕಡಿಮೆ ಇಳಿಯುವುದರಿಂದ ಸ್ವರಾಂತರಗಳೇ ಕೆಡುತ್ತವೆ. ಆದ್ದರಿಂದ ಪ್ಯಾಡ್ ಬಿಚ್ಚುವ ಮೊದಲೇ ಉದ್ದವನ್ನು ಅಳೆದು ನೋಡುವುದು ಉಚಿತ.