ಕೋಟೆಯೊಡೆಯನ ಜಮಾಖರ್ಚು

ಕೋಟೆಯನ್ನು ಕಟ್ಟುವುದು ಕಷ್ಟವೋ, ಕಟ್ಟಿದ ಕೋಟೆಯನ್ನು ಸಾಕುವುದು ಕಷ್ಟವೋ? ಹಳೆಯ ಕೋಟೆಗಳನ್ನು ನೋಡಹೋದವರು ಗೋಡೆಯ ಎತ್ತರವನ್ನೂ ಕಂದಕದ ಆಳವನ್ನೂ ಕಂಡು ಬೆರಗಾಗುತ್ತಾರೆ. ಅಲ್ಲಿನ ಒಂದೊಂದು ಕಲ್ಲಿನ ಹಿಂದೆಯೂ ಯಾರೋ ಬರೆದಿಟ್ಟ ಲೆಕ್ಕವೊಂದಿತ್ತೆಂಬುದು ಅವರ ನೆನಪಿಗೆ ಬರುವುದು ಅಪರೂಪ.

ಆ ಲೆಕ್ಕವನ್ನು ಆಟವಾಡಿಸುತ್ತಲೇ ಕಲಿಸುವ ಸಾಧನವೊಂದುಂಟು. ಚದುರಂಗದಂತೆ ಮಣೆಯ ಮೇಲೆ ಆಡುವುದಲ್ಲ, ಗಣಕಯಂತ್ರದ ತೆರೆಯ ಮೇಲೆ ಆಡುವುದು. ಹೆಸರು ‘ಸ್ಟ್ರಾಂಗ್‌ಹೋಲ್ಡ್’. ಇಂಗ್ಲೆಂಡಿನ ಫೈರ್‌ಫ್ಲೈ ಸ್ಟುಡಿಯೋಸ್ ಸಂಸ್ಥೆ ಇದನ್ನು ರಚಿಸಿತು. 2001ರಲ್ಲಿ ಹೊರಬಂದ ಈ ಆಟ 2023ರಲ್ಲಿ ಹೊಸ ಉಡುಪು ತೊಟ್ಟು ಮತ್ತೊಮ್ಮೆ ಬಂದಿತು. ಯುದ್ಧದ ಆಟವೆಂದು ಹೆಸರಾಗಿದ್ದರೂ ಇದರಲ್ಲಿ ಸೋತವರು ಬಹುಮಟ್ಟಿಗೆ ಶತ್ರುವಿನ ಬಾಣಕ್ಕೆ ಸೋತವರಲ್ಲ. ಬರಿದಾದ ಕಣಜಕ್ಕೆ ಸೋತವರು.

ಬೆಂಕಿಯ ಸುತ್ತ ಕುಳಿತ ಜನ

ಆಟದ ರಂಗಭೂಮಿ ಮಧ್ಯಯುಗದ ಇಂಗ್ಲೆಂಡು. ಆಡುವವನು ಒಬ್ಬ ಸಾಮಂತ. ಅವನ ನಡುಗೋಟೆಯ ಮುಂದೆ ಬೆಂಕಿಯೊಂದು ಉರಿಯುತ್ತಿರುತ್ತದೆ. ಕೆಲಸವಿಲ್ಲದ ರೈತರು ಅದರ ಸುತ್ತ ಮೈ ಕಾಯಿಸಿಕೊಳ್ಳುತ್ತ ಇರುತ್ತಾರೆ. ಕಾಡಿನಂಚಿನಲ್ಲಿ ಮರ ಕಡಿಯುವವನ ಗುಡಿಸಲನ್ನು ಕಟ್ಟಿಸಿದರೆ ಅವರಲ್ಲೊಬ್ಬನು ಕೊಡಲಿ ಹಿಡಿದು ಹೊರಡುವನು; ಸೇಬಿನ ತೋಟ ಹಾಕಿಸಿದರೆ ಇನ್ನೊಬ್ಬನು ಬುಟ್ಟಿ ಹೊತ್ತು ನಡೆವನು. ಒಡೆಯನ ಬಂಡವಾಳವೆಲ್ಲ ಈ ಬೆಂಕಿಯ ಸುತ್ತಲಿನ ಜನವೇ. ಅವರು ಬಂದರೆ ರಾಜ್ಯ, ಹೋದರೆ ಬರಿಯ ಕಲ್ಲು.

ಅವರು ಬರುವುದೂ ಹೋಗುವುದೂ ಒಂದು ಅಂಕೆಯನ್ನು ಅವಲಂಬಿಸಿದೆ. ಅದನ್ನು ಜನಾನುರಾಗವೆನ್ನಬಹುದು. ಪೂರ್ಣಾಂಕ 100. ಅದು 50ರ ಮೇಲಿದ್ದರೆ ಹೊಸಬರು ಊರಿಗೆ ಬರುತ್ತಾರೆ. ಕೆಳಗಿಳಿದರೆ ಇದ್ದವರೂ ಕೆಲಸ ಬಿಟ್ಟು ಹೊರಟುಬಿಡುತ್ತಾರೆ. ತಿಂಗಳು ತಿಂಗಳೂ ಈ ಅಂಕೆ ಏರುತ್ತದೆ, ಇಳಿಯುತ್ತದೆ.

ಜಮೆಯ ಎರಡು ದಾರಿ

ಬೊಕ್ಕಸಕ್ಕೆ ಹೊನ್ನು ಬರುವ ದಾರಿಗಳಲ್ಲಿ ಮೊದಲನೆಯದು ತೆರಿಗೆ. ಎಲ್ಲಕ್ಕಿಂತ ಹಗುರವಾದ ತೆರಿಗೆ ಹಾಕಿದರೆ ಜನಾನುರಾಗದಲ್ಲಿ 2 ಅಂಕ ಇಳಿಯುವುದು; ಮುಂದಿನ ಮೆಟ್ಟಿಲಿಗೆ 4, ಅದರ ಮುಂದಿನದಕ್ಕೆ 6, ಆಮೇಲೆ 8. ತೆರಿಗೆಯನ್ನೇ ಬಿಟ್ಟರೆ 1 ಅಂಕ ಏರುವುದು. ಒಡೆಯನು ತನ್ನ ಕೈಯಿಂದಲೇ ಜನರಿಗೆ ಹೊನ್ನು ಹಂಚಿ ಒಲಿಸಿಕೊಳ್ಳುವ ಏರ್ಪಾಡೂ ಉಂಟು.

ಎರಡನೆಯ ದಾರಿ ಸಂತೆ. ಮರ, ಕಲ್ಲು, ಕಬ್ಬಿಣ, ರೊಟ್ಟಿ, ಮದ್ಯ, ಆಯುಧ, ಎಲ್ಲಕ್ಕೂ ಅಲ್ಲಿ ಬೆಲೆಯಿದೆ. ಆದರೆ ಕೊಳ್ಳುವ ಬೆಲೆ ಹೆಚ್ಚು, ಮಾರುವ ಬೆಲೆ ಕಡಿಮೆ. ಇಂದು ಆತುರದಿಂದ ಮಾರಿದ್ದನ್ನು ನಾಳೆ ಆತುರದಿಂದ ಕೊಳ್ಳಹೊರಟವನಿಗೆ ಎರಡು ಸಲವೂ ನಷ್ಟ. ಜಾಣನಾದವನು ಮರವನ್ನು ಮರವಾಗಿಯೇ ಮಾರುವುದಿಲ್ಲ. ಕುಶಲಕರ್ಮಿಯ ಕೈಯಲ್ಲಿ ಅದನ್ನು ಬಿಲ್ಲಾಗಿಸಿ ಮಾರುತ್ತಾನೆ. ಹೊನ್ನು ಹುಟ್ಟುವುದು ಕಾಡಿನಲ್ಲಲ್ಲ, ಕೈಕಸುಬಿನಲ್ಲಿ ಎಂಬುದು ಆಗ ತಿಳಿಯುತ್ತದೆ.

ಖರ್ಚೋ, ಬಿತ್ತನೆಯೋ?

ಹೊಸಬನು ಮಾಡುವ ತಪ್ಪು ಹೆಚ್ಚು ಕಡಿಮೆ ಒಂದೇ ಬಗೆಯದು. ಮೊದಲ ಗಳಿಗೆಯಲ್ಲೇ ಎತ್ತರದ ಗೋಡೆ, ಬುರುಜು, ಸೈನ್ಯ! ಬಿಲ್ಲುಗಾರನೊಬ್ಬನಿಗೆ 12 ಹೊನ್ನು, ಕತ್ತಿ ಹಿಡಿದ ಕವಚಧಾರಿಗೆ 40. ಹೊನ್ನಿನ ಜೊತೆಗೆ ಆಯುಧಶಾಲೆಯಲ್ಲಿ ಸಿದ್ಧವಾದ ಆಯುಧವೂ ಬೇಕು, ಬೆಂಕಿಯ ಬಳಿ ಕೆಲಸವಿಲ್ಲದೆ ನಿಂತ ಒಬ್ಬ ರೈತನೂ ಬೇಕು. ಸೈನಿಕನಾಗಿರುವವರೆಗೆ ಅವನು ನೇಗಿಲು ಹಿಡಿಯಲಾರ.

ಹೀಗೆ ದುಡಿಯುವ ಕೈಗಳು ಕಡಿಮೆಯಾಗುತ್ತಲೇ ಕಣಜ ಬರಿದಾಗತೊಡಗುತ್ತದೆ. ಒಡೆಯನು ಅರೆಪಡಿ ಅಳೆಯಲು ಅಪ್ಪಣೆ ಕೊಡುತ್ತಾನೆ. 4 ಅಂಕ ಇಳಿಯಿತು. ಪಡಿಯೇ ಇಲ್ಲವೆಂದರೆ 8 ಇಳಿಯಿತು. ಜನ ಗಂಟುಮೂಟೆ ಕಟ್ಟುತ್ತಾರೆ. ತೆರುವವರು ಕಡಿಮೆಯಾದರೆಂದು ಒಡೆಯನು ಉಳಿದವರ ಮೇಲೆ ತೆರಿಗೆ ಏರಿಸುತ್ತಾನೆ. ಅವರೂ ಹೊರಡುತ್ತಾರೆ. ಕೊನೆಗೆ ಗೋಡೆ ಎತ್ತರವಾಗಿಯೇ ನಿಂತಿದೆ. ಒಳಗೆ ಒಲೆ ಹಚ್ಚುವವರಿಲ್ಲ.

ಅನುಭವಿಯ ಕ್ರಮವೇ ಬೇರೆ. ಅವನು ಮೊದಲು ಕಣಜವನ್ನು ತುಂಬುತ್ತಾನೆ. ಸೇಬಿನ ತೋಟದಿಂದ ಬೇಗ ಫಲ ಬರುವುದು. ರೊಟ್ಟಿಗೆ ಗೋಧಿಯ ಹೊಲ, ಗಾಳಿಗಿರಣಿ, ರೊಟ್ಟಿ ಸುಡುವ ಮನೆ, ಮೂರೂ ಬೇಕು. ಬಂಡವಾಳ ಹೆಚ್ಚು, ಕಾಯುವ ಕಾಲವೂ ಹೆಚ್ಚು; ಆದರೆ ಒಮ್ಮೆ ಸಾಗಿತೆಂದರೆ ಊರಿಗೆ ಊರೇ ಉಣ್ಣುತ್ತದೆ. ಆಗ ಇಮ್ಮಡಿ ಪಡಿ ಅಳೆಯಬಹುದು. 8 ಅಂಕ ಏರಿತು. 8 ಅಂಕ ಇಳಿಸುವ ತೆರಿಗೆಯನ್ನು ಹಾಕಿದರೂ ಈಗ ತಕ್ಕಡಿ ಸಮನಾಗಿಯೇ ನಿಲ್ಲುತ್ತದೆ! ಪಾನಗೃಹಕ್ಕೂ ಇಗರ್ಜಿಗೂ ಸುರಿದ ಹೊನ್ನು ಹೀಗೆಯೇ ಜನರ ಸಂತೋಷವಾಗಿ ಹರಿದು ತೆರಿಗೆಯಾಗಿ ಮರಳುತ್ತದೆ. ಹೊಸಬನು ಖರ್ಚೆಂದು ಬರೆದುಕೊಂಡದ್ದನ್ನು ಅನುಭವಿ ಬಿತ್ತನೆಯೆಂದು ಬರೆದುಕೊಳ್ಳುತ್ತಾನೆ. ತಿಂಗಳ ಸಂಬಳದಲ್ಲಿ ಮೊದಲು ಅಕ್ಕಿಬೇಳೆಗೆ ಎತ್ತಿಟ್ಟು ಆಮೇಲೆ ಉಳಿದ ಮಾತು ಆಡುವ ಗೃಹಿಣಿಗೆ ಈ ಪಾಠ ಹೊಸದೇನೂ ಅಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಹೂದೋಟಗಳನ್ನು ನಿರ್ಮಿಸಿದರೆ ಜನ ಒಡೆಯನನ್ನು ಮೆಚ್ಚುತ್ತಾರೆ, ಆದರೆ ವಿನೋದದಲ್ಲಿ ಕೆಲಸ ಕುಂಠಿತವಾಗುತ್ತದೆ. ಗಲ್ಲುಕಂಬ ನೆಟ್ಟರೆ ಕೆಲಸ ಚುರುಕಾಗುತ್ತದೆ, ಮೆಚ್ಚುಗೆ ಹೋಗುತ್ತದೆ. ಯಾವುದನ್ನು ಆರಿಸಿದರೂ ಬೆಲೆ ತೆರಲೇಬೇಕು.

ಆಟ ಮುಚ್ಚಿಟ್ಟ ಬಾಬತ್ತು

ಇಷ್ಟು ಚೊಕ್ಕವಾದ ಲೆಕ್ಕದಲ್ಲಿ ಆಟವು ಒಂದು ಬಾಬತ್ತನ್ನು ಮಾತ್ರ ಬಿಟ್ಟಿದೆ: ಕೂಲಿ. ಇಲ್ಲಿ ಕಲ್ಲು ಒಡೆಯುವವನು ಪಡಿಯುಂಡು ದುಡಿಯುತ್ತಾನೆ. ಸೈನಿಕನು ಒಮ್ಮೆ ಹೊನ್ನು ಪಡೆದರೆ ಮತ್ತೆ ಸಂಬಳ ಕೇಳುವುದಿಲ್ಲ. ನಿಜವಾದ ಮಧ್ಯಯುಗದಲ್ಲಿ ಅರಸರನ್ನು ಹಣ್ಣು ಮಾಡಿದ್ದು ಈ ಬಾಬತ್ತೇ.

ವೇಲ್ಸಿನ ಆಂಗ್ಲ್‌ಸೀ ದ್ವೀಪದಲ್ಲಿ ಬ್ಯೂಮಾರಿಸ್ ಎಂಬ ಕೋಟೆಯಿದೆ. ವೇಲ್ಸಿನವರ ದಂಗೆಯನ್ನು ಅಡಗಿಸಿದ ಇಂಗ್ಲೆಂಡಿನ ಅರಸ ಮೊದಲನೆಯ ಎಡ್ವರ್ಡನು 1295ರಲ್ಲಿ ಅದರ ಕೆಲಸವನ್ನು ಆರಂಭಿಸಿದನು. ಶಿಲ್ಪಿ ಮಾಸ್ಟರ್ ಜೇಮ್ಸ್ ಆಫ್ ಸೇಂಟ್ ಜಾರ್ಜ್. 1296ರ ಫೆಬ್ರವರಿಯಲ್ಲಿ ಜೇಮ್ಸನೂ ಅವನ ಜೊತೆಗಾರನೂ ಅರಸನ ಬೊಕ್ಕಸದವರಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ಕಲ್ಲುಕುಟಿಗರು 400, ಸಾಮಾನ್ಯ ಕೆಲಸಗಾರರು 2,000, ಕಲ್ಲುಗಣಿಯವರು 200, ಕಮ್ಮಾರರೂ ಬಡಗಿಗಳೂ ಬೇರೆ. ವಾರಕ್ಕೆ 250 ಪೌಂಡು ಬೇಕು ಎಂದು ಅದರಲ್ಲಿ ಲೆಕ್ಕವೊಪ್ಪಿಸಿದ್ದಾರೆ. ಕೂಲಿ ಬಹಳ ಬಾಕಿ ಬಿದ್ದಿದೆ, ಆಳುಗಳಿಗೆ ಹೊಟ್ಟೆಗಿಲ್ಲ, ಅವರನ್ನು ಹಿಡಿದಿಡುವುದೇ ದುಸ್ತರವಾಗಿದೆ ಎಂದೂ ಮೊರೆಯಿಟ್ಟಿದ್ದಾರೆ.

ಅದೇ ವರ್ಷ ಎಡ್ವರ್ಡನು ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದನು. ಹೊನ್ನು ಆ ಕಡೆಗೆ ಹರಿಯಿತು. ಬ್ಯೂಮಾರಿಸಿನ ಕೆಲಸ ಕುಂಟಿತು. ಮುಂದೆ ಆಗೀಗ ಕೈಹಚ್ಚಿದರೂ 1330ರ ಹೊತ್ತಿಗೆ ಕೆಲಸ ನಿಂತೇಹೋಯಿತು. ಅಲ್ಲಿಯವರೆಗೆ ಆದ ವೆಚ್ಚ ಸುಮಾರು 15,000 ಪೌಂಡು.

ಆಟದಲ್ಲಿ ಊರು ಬರಿದಾದರೆ ಗುಂಡಿಯೊಂದನ್ನು ಒತ್ತಿ ಮೊದಲಿನಿಂದ ಆರಂಭಿಸಬಹುದು. ಬೆಂಕಿಯ ಸುತ್ತ ಜನ ಮತ್ತೆ ಬಂದು ಕೂಡುತ್ತಾರೆ. ಜೇಮ್ಸನ ಕಲ್ಲುಕುಟಿಗರಿಗೆ ಆ ಸೌಲಭ್ಯವಿರಲಿಲ್ಲ. ಬಾಕಿ ಬಿದ್ದ ಕೂಲಿಗೆ ಕಾಯುತ್ತ ಹಸಿದ ಆ ಚಳಿಗಾಲ ಅವರಿಗೆ ಮರಳಿ ಬರುವಂಥದಲ್ಲ. ಬ್ಯೂಮಾರಿಸ್ ಕೋಟೆ ಇಂದು ವಿಶ್ವ ಪರಂಪರೆಯ ತಾಣಗಳಲ್ಲೊಂದು. 1986ರಲ್ಲಿ ಅದಕ್ಕೆ ಆ ಗೌರವ ದೊರೆಯಿತು. ವಿನ್ಯಾಸದ ಸೊಬಗನ್ನು ನೋಡಬಂದವರು ತಲೆಯೆತ್ತಿದರೆ ಅಂದುಕೊಂಡ ಎತ್ತರಕ್ಕೆ ಏರದೆ ನಿಂತ ಗೋಪುರಗಳು ಕಾಣುತ್ತವೆ. ಹೊನ್ನು ಮುಗಿದದ್ದು ಅಲ್ಲಿಗೆ.