ಸಕ್ಕರೆ ಕಾಯಿಲೆ ಮತ್ತು ಮಾಯದ ಹುಣ್ಣು: ಬೆಳೆಗಾರರು ಗಮನಿಸಬೇಕಾದುದು

ಸದಸ್ಯ ಬಂಧುಗಳು ಸಂಘದ ಕಚೇರಿಗೆ ಬಂದಾಗ ಮೆಣಸಿನ ಧಾರಣೆ, ಗೊಬ್ಬರದ ದಾಸ್ತಾನು ವಿಚಾರಿಸುವುದು ವಾಡಿಕೆ. ಈಚೆಗೆ ಅದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: "ಕಾಲಿನ ಗಾಯ ಎರಡು ತಿಂಗಳಾಯಿತು, ಮಾಯುತ್ತಲೇ ಇಲ್ಲ." ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ನಾಲ್ಕೂ ಕಡೆಯವರ ಬಾಯಲ್ಲಿ ಇದನ್ನು ಕೇಳಿದ್ದೇವೆ. ವಿಚಾರಿಸಿದರೆ ಬಹುಮಟ್ಟಿಗೆ ಎಲ್ಲರಿಗೂ ಸಕ್ಕರೆ ಕಾಯಿಲೆ. ಆದುದರಿಂದ ಈ ಸಲ ಕಾಂಡಕೊರಕದ ವಿಚಾರ ಬದಿಗಿಟ್ಟು ಕಾಲಿನ ವಿಚಾರ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ, ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ತಿಳಿಸುತ್ತಿದ್ದೇವೆ, ಅಷ್ಟೆ.

ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಗಾಯ ಒಣಗುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ಆಡುವ ಮಾತು. ಅದು ನಿಜ, ಆದರೆ ಅರ್ಧ ನಿಜ. ಹಲವು ವರ್ಷ ಹತೋಟಿ ತಪ್ಪಿದ ಸಕ್ಕರೆ ಪಾದದ ನರಗಳನ್ನು ಕೆಡಿಸುತ್ತದೆ. ಮೊದಲು ಜೋಮು, ಉರಿ. ಆಮೇಲೆ ಸ್ಪರ್ಶವೇ ಇಲ್ಲ. ಮುಳ್ಳು ಚುಚ್ಚಿದರೂ ತಿಳಿಯದು. ತಿಳಿಯದ ಕಾರಣ ಮನುಷ್ಯ ಕುಂಟುವುದಿಲ್ಲ. ಹುಣ್ಣಿನ ಮೇಲೆಯೇ ದಿನಕ್ಕೆ ಸಾವಿರಾರು ಹೆಜ್ಜೆ ಇಡುತ್ತಾನೆ. ಒಂದು ಕಡೆ ದೇಹ ಹೊಸ ಮಾಂಸ ಕಟ್ಟುತ್ತದೆ, ಇನ್ನೊಂದು ಕಡೆ ಹೆಜ್ಜೆ ಅದನ್ನು ಜಜ್ಜುತ್ತದೆ. ಹೀಗಿರುವಾಗ ಎಷ್ಟು ಬೆಲೆಯ ಮುಲಾಮು ಹಚ್ಚಿದರೇನು?

ಇದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಪ್ರಮುಖರು ನಮ್ಮ ನೆರೆಯ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್. 1946ರಲ್ಲಿ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದಾಗ, ಕುಷ್ಠರೋಗದಲ್ಲಿ ಮಾಂಸ ತಾನಾಗಿಯೇ ಕೊಳೆತು ಉದುರುತ್ತದೆ ಎಂದು ಜನ ನಂಬಿದ್ದರು. ಬ್ರಾಂಡ್ ಕಂಡುಕೊಂಡದ್ದು ಬೇರೆ. ನೋವು ತಿಳಿಯದ ಕೈಕಾಲುಗಳು ಬಿಸಿ ಪಾತ್ರೆಯಿಂದ, ಮೊಳೆಯಿಂದ, ದಿನದ ನಡಿಗೆಯಿಂದ ಹಾಳಾಗುತ್ತಿದ್ದವು. ರಾತ್ರಿ ಮಲಗಿದ್ದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದುದೂ ಪತ್ತೆಯಾಯಿತು. ಕಾಲಿಗೆ ಪ್ಲಾಸ್ಟರ್ ಪಟ್ಟು ಕಟ್ಟಿ ಹುಣ್ಣಿನ ಮೇಲಿನ ಭಾರ ತಪ್ಪಿಸಿದರೆ, ವರ್ಷಗಟ್ಟಲೆ ಮಾಯದ ಹುಣ್ಣೂ ವಾರಗಳಲ್ಲಿ ಮುಚ್ಚಿಕೊಳ್ಳುತ್ತಿತ್ತು. 1966ರಲ್ಲಿ ಅವರು ಅಮೆರಿಕದ ಕಾರ್‌ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿಂದ ಈ ವಿದ್ಯೆ ಸಕ್ಕರೆ ಕಾಯಿಲೆಯವರ ಕಾಲಿಗೂ ಹರಡಿತು.

ಪಾದಕ್ಕೆ ಎಲ್ಲ ಕಡೆಯೂ ತಾಗುವಂತೆ ಕಟ್ಟುವ ಆ ಪಟ್ಟು ಇಂದಿಗೂ ಅಂಗಾಲಿನ ಹುಣ್ಣಿಗೆ ಮೊದಲ ಸಾಲಿನ ಚಿಕಿತ್ಸೆ. ಮಾಯಲು ಸಾಮಾನ್ಯವಾಗಿ 6ರಿಂದ 8 ವಾರ ಹಿಡಿಯುತ್ತದೆ. ಆದರೆ ಪಳಗಿದ ಕೈಯೇ ಕಟ್ಟಬೇಕು, ಆಗಾಗ ಬಿಚ್ಚಿ ನೋಡಬೇಕು. ಕೀವು ತುಂಬಿದ ಕಾಲಿಗೂ ರಕ್ತ ಸಾಲದ ಕಾಲಿಗೂ ಇದು ಸಲ್ಲದು. ಪಾದದ ಮೇಲಿನ ನಾಡಿ ಹಿಡಿದು ನೋಡಿ, ರಕ್ತ ಹರಿಯುತ್ತಿದೆಯೇ ಎಂದು ವೈದ್ಯರು ಮೊದಲು ತಿಳಿಯಬೇಕು. ರಕ್ತನಾಳ ಮುಚ್ಚಿದ್ದರೆ ಅದನ್ನು ತೆರೆಸದೆ ಹುಣ್ಣು ಮಾಯುವ ಮಾತಿಲ್ಲ. ಬೀಡಿ, ಸಿಗರೇಟು ಆ ನಾಳಗಳನ್ನು ಇನ್ನಷ್ಟು ಕಿರಿದುಗೊಳಿಸುತ್ತವೆ. ನಮ್ಮದು ವರ್ಜೀನಿಯಾ ತಂಬಾಕಿನ ಸೀಮೆ. ಹದ ಮಾಡಿ ಹರಾಜು ಕಟ್ಟೆಗೆ ಸಾಗಿಸುವುದು ಹೊಟ್ಟೆಪಾಡು, ಸೇದುವುದಕ್ಕೆ ಆ ನೆಪವೂ ಇಲ್ಲ.

ಕಳೆದ ಕೊಯ್ಲಿನ ವೇಳೆ ಪಿರಿಯಾಪಟ್ಟಣದ ಕಡೆಯ ಸದಸ್ಯರೊಬ್ಬರು ಮೆಣಸಿನ ಹಣಕ್ಕೆಂದು ಕಚೇರಿಗೆ ಬಂದಿದ್ದರು. ಅವರು ಎದ್ದು ಹೋದ ಮೇಲೆ ನೆಲದ ಮೇಲೆ ರಕ್ತದ ಗುರುತು. ಕೂಗಿ ಕರೆದು ಗಮ್‌ಬೂಟು ಬಿಚ್ಚಿಸಿದರೆ ಒಳಗೆ ಕಡಲೆ ಗಾತ್ರದ ಜಲ್ಲಿಕಲ್ಲು. ಬೆಳಗಿನಿಂದ ಅದರ ಮೇಲೆಯೇ ತೋಟ ಸುತ್ತಿದ್ದರು. "ನೋವಿಲ್ಲವಲ್ಲ ಸ್ವಾಮಿ" ಎಂದರು. ನೋವಿಲ್ಲದಿರುವುದೇ ಅಲ್ಲಿದ್ದ ಅಪಾಯ.

ನಮ್ಮ ಕಸುಬಿನಲ್ಲಿ ಇಂಥ ಅಪಾಯಗಳಿಗೆ ಕೊರತೆಯಿಲ್ಲ. ಫೆಬ್ರುವರಿ ಬಿಸಿಲಿನಲ್ಲಿ ಸಿಮೆಂಟಿನ ಕಣದ ಮೇಲೆ ಬರಿಗಾಲಲ್ಲಿ ಕಾಫಿ ಕೆದಕುವುದು, ಜೋಮು ಹಿಡಿದ ಕಾಲಿಗೆ ಕಾದ ಹೆಂಚಿನ ಮೇಲೆ ನಿಂತಂತೆ. ಮಳೆಗಾಲದಲ್ಲಿ ಜಿಗಣೆ ಕಡಿದ ಗಾಯ, ಬೂಟಿನೊಳಗೆ ನೀರು ನಿಂತು ಬೆರಳ ಸಂದಿ ಕೆಡುವುದು. ಅಡಿಕೆ ಸುಲಿಯುವ ಮೆಟ್ಟುಗತ್ತಿ. ಕೋಟೆ ಕಡೆಯ ಲಂಟಾನ ಮುಳ್ಳು. ಕೃಷ್ಣರಾಜನಗರದ ಗದ್ದೆಯ ಕೆಸರು. ಚಳಿಗೆ ಒಲೆಯ ಮುಂದೆ ಕಾಲು ಚಾಚಿ ಕೂರುವುದನ್ನೂ, ಬಿಸಿನೀರಿನಲ್ಲಿ ಕಾಲಿಡುವುದನ್ನೂ ಇವರು ಬಿಡಬೇಕು. ಬೂಟು ಹಾಕುವ ಮುನ್ನ ಒಳಗೆ ಕೈ ಹಾಕಿ ತಡವಬೇಕು. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಇಲ್ಲವೇ ಮನೆಯವರಿಗೆ ತೋರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ.

ಗಾಯಕ್ಕೆ ಕಾಫಿಪುಡಿ ಒತ್ತುವ ಪದ್ಧತಿ ನಮ್ಮವರಲ್ಲಿ ಬಹಳ. ಕಾಫಿಯ ಮೇಲೆ ನಮಗಿರುವ ಅಭಿಮಾನ ಯಾರಿಗೂ ಕಡಿಮೆಯಲ್ಲ, ಆದರೂ ಹೇಳುತ್ತೇವೆ: ಪುಡಿ ಇರಬೇಕಾದುದು ಫಿಲ್ಟರಿನಲ್ಲಿ. ಸುಣ್ಣ, ಹೊಗೆಸೊಪ್ಪು, ಮೈಲುತುತ್ತ ಇವುಗಳೂ ಅಷ್ಟೆ. ಗಾಯ ಮುಚ್ಚಿದಂತೆ ಕಂಡು ಒಳಗೆ ಕೀವು ಬೆಳೆಯುತ್ತದೆ. ಶುದ್ಧ ನೀರಿನಿಂದ ತೊಳೆದು, ಒಗೆದ ಬಟ್ಟೆ ಸುತ್ತಿ, ಒಂದೆರಡು ದಿನದೊಳಗೆ ಆಸ್ಪತ್ರೆಗೆ ಹೋಗುವುದು. ಕೆಂಪು ಹರಡಿದರೆ, ವಾಸನೆ ಬಂದರೆ, ಜ್ವರ ಬಂದರೆ, ಬೆರಳು ಕಪ್ಪಾದರೆ ಅದೇ ದಿನ. ಗಾಯವೇ ಇಲ್ಲದೆ ಒಂದು ಪಾದ ಊದಿ ಬಿಸಿಯಾದರೂ ನಡೆಯದೆ ಹೋಗಿ ತೋರಿಸತಕ್ಕದ್ದು. ಒಳಗೆ ಮೂಳೆ ಕುಸಿಯುತ್ತಿರಬಹುದು.

ಜೋಮು ಇದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಕಾಯಿಲೆಯವರು ಕಣ್ಣು ಮುಚ್ಚಿ ಮಲಗಲಿ. ಇನ್ನೊಬ್ಬರು ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ, ಒತ್ತಬಾರದು. 6 ಸಲದಲ್ಲಿ 2 ಅಥವಾ ಹೆಚ್ಚು ಸಲ ತಿಳಿಯದಿದ್ದರೆ ಆ ಕಾಲು ಅಪಾಯದಲ್ಲಿದೆ ಎಂದೇ ಅರ್ಥ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ.

ಮೊದಲು ತಾಲ್ಲೂಕು ಆಸ್ಪತ್ರೆ. ಸರಗೂರಿನ ಸುತ್ತಿನವರಿಗೆ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಇದೆ. ಅಲ್ಲಿ ಹೇಳಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದದ ಚಿಕಿತ್ಸೆಗೆಂದೇ ವಿಭಾಗವುಂಟು. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2022–23ರಲ್ಲಿ ಮರಳಿ ಆರಂಭವಾಗಿದೆ. ಯಾವ ಚಿಕಿತ್ಸೆಗೆ ಯಾವ ಆಸ್ಪತ್ರೆ ಎಂಬುದನ್ನು ಕಾಲು ಕೆಡುವ ಮೊದಲೇ ಕೇಳಿ ತಿಳಿದಿರುವುದು ಒಳ್ಳೆಯದು.

ಇನ್ನು ನಿಜವಾದ ತೊಡಕಿನ ಮಾತು. ಎರಡು ತಿಂಗಳು ಕಾಲೂರಬೇಡಿ ಎಂದು ವೈದ್ಯರು ಹೇಳುವುದು ಸುಲಭ; ಎರಡು ಎಕರೆಯ ಬೆಳೆಗಾರ ಹಣ್ಣು ಉದುರುತ್ತಿರುವಾಗ ಮಂಚದ ಮೇಲೆ ಕೂರುವುದು ಹೇಗೆ? ಔಷಧಿ ಸಿಗದೆ ಹೋದ ಕಾಲುಗಳಿಗಿಂತ ಆಳು ಸಿಗದೆ ಹೋದ ಕಾಲುಗಳೇ ನಮ್ಮ ಸೀಮೆಯಲ್ಲಿ ಹೆಚ್ಚೆಂದು ನಮ್ಮ ಅಭಿಪ್ರಾಯ. ಹಿಂದೆ ನಾಟಿಗೆ, ಒಕ್ಕಣೆಗೆ ಮುಯ್ಯಾಳು ಇತ್ತು. ಕಾಲಿಗೆ ಪಟ್ಟು ಹಾಕಿಸಿಕೊಂಡವರ ತೋಟದ ಕೊಯ್ಲಿಗೆ ಅದೇ ಕ್ರಮ ಸಾಕು: ಈ ವರ್ಷ ನೀವು ನಾಲ್ಕು ದಿನ ಕೊಡಿ, ಮುಂದೆ ಅವರ ಮನೆಯವರು ತೀರಿಸುತ್ತಾರೆ. ಇದಕ್ಕಾಗಿ ಕಚೇರಿಯಲ್ಲಿ ಒಂದು ಪುಸ್ತಕ ತೆರೆದಿದ್ದೇವೆ. ಆಳು ಕೊಡಬಲ್ಲವರೂ ಬೇಕಾದವರೂ ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಹೆಸರು, ಊರು, ದಿನಗಳನ್ನು ಬರೆಸತಕ್ಕದ್ದು. ಕಾಲು ನೋಯುವವರು, ಅಥವಾ ನೋಯದವರು, ತಾವೇ ಬರಬೇಕಾಗಿಲ್ಲ. ಮನೆಯ ಹುಡುಗರನ್ನು ಕಳುಹಿಸಿದರೆ ಸಾಕು.