ನೌಕರರ ವ್ಯಾಜ್ಯಗಳಲ್ಲಿ ವಿದ್ಯುನ್ಮಾನ ಸಾಕ್ಷ್ಯ: ಉದ್ದಿಮೆದಾರರು ಅರಿತಿರಬೇಕಾದ ಸಂಗತಿಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಗಳ ಜಿನ್ನಿಂಗ್ ಕಾರ್ಖಾನೆ, ಬೇಳೆ ಗಿರಣಿ, ಅಡತಿ ಅಂಗಡಿಗಳಲ್ಲಿ ಹಾಜರಿ ಪುಸ್ತಕದ ಸ್ಥಾನಕ್ಕೆ ಬೆರಳಚ್ಚಿನ ಯಂತ್ರವೂ, ಬಟವಾಡೆ ಪುಸ್ತಕದ ಸ್ಥಾನಕ್ಕೆ ಬ್ಯಾಂಕ್ ವರ್ಗಾವಣೆಯೂ ಬರುತ್ತಿವೆ. ರಜೆಯ ಕೋರಿಕೆ, ಮುಂಗಡದ ಬೇಡಿಕೆ, ಕೆಲಸ ಬಿಡುವ ಮಾತು ವಾಟ್ಸ್‌ಆ್ಯಪ್‌ನಲ್ಲಿಯೇ ಮುಗಿಯುತ್ತವೆ. ಆದರೆ ನೌಕರನೊಬ್ಬನು ತನ್ನನ್ನು ಅಕ್ರಮವಾಗಿ ಕೆಲಸದಿಂದ ತೆಗೆಯಲಾಗಿದೆಯೆಂದು ದಾವೆ ಹೂಡಿದಾಗ ಈ ದಾಖಲೆಗಳು ಸಾಕ್ಷ್ಯವಾಗಿ ನಿಲ್ಲುವವೇ ಎಂಬುದು ಪ್ರತಿಯೊಬ್ಬ ಮಾಲಕನೂ ಮುಂಚಿತವಾಗಿಯೇ ಯೋಚಿಸಬೇಕಾದ ವಿಷಯ.

ಹಾಜರಿಪಟ್ಟಿ ಕಲಿಸಿದ ಪಾಠ

ಈ ವಿಷಯದಲ್ಲಿ ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಯಲ್ಲಟ್ಟಿ ಪ್ರಕರಣ ಪ್ರಸಿದ್ಧವಾದುದು. ವರ್ಷವೊಂದರಲ್ಲಿ 240 ದಿನ ದುಡಿದಿದ್ದೇನೆಂಬುದು ದಿನಗೂಲಿ ನೌಕರನ ವಾದ. ಅದನ್ನು ರುಜುವಾತುಪಡಿಸುವ ಪ್ರಾಥಮಿಕ ಹೊಣೆ ನೌಕರನದೇ ಎಂದು 2005ರ ತೀರ್ಪು ಹೇಳಿತು. ಆದರೆ ನೇಮಕಾತಿ ಪತ್ರವನ್ನೇ ಪಡೆಯದ ದಿನಗೂಲಿಯವನು ಮಾಲಕನ ಬಳಿಯಿರುವ ಹಾಜರಿಪಟ್ಟಿಯನ್ನು ತರಿಸುವಂತೆ ಕೇಳುವುದರ ಹೊರತು ಬೇರೆ ದಾರಿಯಿಲ್ಲವೆಂಬುದನ್ನೂ ನ್ಯಾಯಾಲಯ ಗುರುತಿಸಿತು. ಆ ಪ್ರಕರಣದಲ್ಲಿ ಪಟ್ಟಿಗಳು ಪೂರ್ಣವಾಗಿ ಹಾಜರಾಗಲಿಲ್ಲ; ತೀರ್ಪು ನೌಕರನ ಪರವಾಯಿತು.

ಅಂದಿನ ಕಾಗದದ ಪಟ್ಟಿಯೇ ಇಂದಿನ ಯಂತ್ರದ ಮಾಹಿತಿ. ಅದನ್ನು ಅಳಿಸಿದರೆ ಅಥವಾ ಕೇಳಿದಾಗ ಕೊಡದಿದ್ದರೆ, ಅದು ತನಗೆ ಪ್ರತಿಕೂಲವಾಗಿದ್ದುದರಿಂದಲೇ ಮಾಲಕನು ಮುಚ್ಚಿಟ್ಟನೆಂದು ನ್ಯಾಯಾಲಯ ಭಾವಿಸಲು ಅವಕಾಶವಿದೆ.

ಕಾನೂನು ಏನನ್ನುತ್ತದೆ?

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಮು ಸೇರಿತು. ಗಣಕಯಂತ್ರದ ಪ್ರತಿಯೊಡನೆ ಪ್ರಮಾಣಪತ್ರ ಕಡ್ಡಾಯವೆಂದು 2014ರ ಅನ್ವರ್ ಪ್ರಕರಣ ಸಾರಿತು. 2020ರ ಅರ್ಜುನ್ ಪಂಡಿತರಾವ್ ಪ್ರಕರಣ ಅದನ್ನೇ ದೃಢಪಡಿಸಿತು. ಮೂಲ ಫೋನನ್ನೇ ಅದರ ಒಡೆಯನು ಹಾಜರುಪಡಿಸಿ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಕಿಲ್ಲವೆಂದೂ ಆ ತೀರ್ಪು ತಿಳಿಸಿತು.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಜಾರಿಯಲ್ಲಿದೆ. ಇದರ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಮೊದಲನೆಯದಕ್ಕೆ ಯಂತ್ರದ ಮೇಲ್ವಿಚಾರಣೆಯುಳ್ಳವರೂ, ಎರಡನೆಯದಕ್ಕೆ ತಜ್ಞರೂ ಸಹಿ ಮಾಡಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಇದು ಕಡತದ ಬೆರಳಚ್ಚಿದ್ದಂತೆ. ಒಂದಕ್ಷರ ಬದಲಾದರೂ ಮೌಲ್ಯ ಬೇರೆಯಾಗುತ್ತದೆ.

ಕಾರ್ಮಿಕ ನ್ಯಾಯಮಂಡಳಿಗಳೂ ಇಲಾಖಾ ವಿಚಾರಣೆಗಳೂ ಸಾಕ್ಷ್ಯ ಕಾನೂನಿನ ತಾಂತ್ರಿಕ ನಿಯಮಗಳಿಗೆ ಕಟ್ಟುನಿಟ್ಟಾಗಿ ಬದ್ಧವಲ್ಲ. ಹಾಗೆಂದು ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಸಾಕೆಂದು ತಿಳಿಯಬಾರದು. ದಾಖಲೆ ನೈಜವೆಂದು ತೋರಿಸಬೇಕು, ನೌಕರನಿಗೆ ಅದರ ಪ್ರತಿಯನ್ನೂ ಪ್ರಶ್ನಿಸುವ ಅವಕಾಶವನ್ನೂ ನೀಡಬೇಕು. ಹಣ ದುರುಪಯೋಗದ ದೂರೋ ವಸೂಲಿ ದಾವೆಯೋ ಸಾಮಾನ್ಯ ನ್ಯಾಯಾಲಯಕ್ಕೆ ಹೋದರೆ 63ನೆಯ ಕಲಮು ಪೂರ್ಣವಾಗಿ ಅನ್ವಯಿಸುತ್ತದೆ.

ಅನುಸರಿಸಬೇಕಾದ ಕ್ರಮ

ಉದಾಹರಣೆಗೆ, ‘ನಾಳೆಯಿಂದ ಬರುವುದಿಲ್ಲ’ ಎಂಬ ನೌಕರನ ಸಂದೇಶ ಗುಮಾಸ್ತನ ಫೋನಿನಲ್ಲಿತ್ತೆನ್ನೋಣ. ಗುಮಾಸ್ತನು ಫೋನ್ ಬದಲಿಸಿದೊಡನೆ ಮಾಲಕನ ಮುಖ್ಯ ಆಧಾರವೇ ಹೋಯಿತು. ಆದ್ದರಿಂದ:

1. ರಾಜೀನಾಮೆಯ ಸಂದೇಶ ಬಂದಾಗ ಲಿಖಿತ ಪತ್ರವನ್ನೂ ಕೇಳಿ ಪಡೆಯಬೇಕು. ಬಾರದಿದ್ದಲ್ಲಿ ಕೆಲಸಕ್ಕೆ ಹಾಜರಾಗುವಂತೆ ಸ್ಪೀಡ್ ಪೋಸ್ಟ್ ಮೂಲಕ ತಿಳಿಸಬೇಕು.

2. ಹಾಜರಿ ಯಂತ್ರದ ಮಾಹಿತಿಯನ್ನು ಪ್ರತಿ ತಿಂಗಳೂ ಬೇರೆಡೆ ನಕಲಿಸಿಡಬೇಕು. ತಪ್ಪು ತಿದ್ದಬೇಕಾದಲ್ಲಿ ಯಾರು, ಯಾವಾಗ, ಏಕೆ ತಿದ್ದಿದರೆಂದು ಬರೆದಿಡಬೇಕು.

3. ಸಿಸಿಟಿವಿಯಲ್ಲಿ ಹಳೆಯ ಚಿತ್ರದ ಮೇಲೆ ಹೊಸದು ದಾಖಲಾಗುತ್ತದೆ. ಘಟನೆ ನಡೆದೊಡನೆ ಪ್ರತಿ ತೆಗೆದು, ಹ್ಯಾಶ್ ಮೌಲ್ಯ ಗುರುತಿಸಿ, ಮೂಲ ಡಿಸ್ಕನ್ನು ಮೊಹರು ಮಾಡಿಡುವುದು ಒಳಿತು.

4. ವ್ಯಾಜ್ಯದ ಸುಳಿವು ಸಿಕ್ಕ ನಂತರ ಯಾವುದನ್ನೂ ಅಳಿಸಬಾರದು.

ಎಷ್ಟು ಕಾಲ ಕಾಯ್ದಿಡಬೇಕು? 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವಜಾ ಪ್ರಶ್ನಿಸಲು 2 ವರ್ಷ, ವೇತನದ ಬಾಕಿ ಕೇಳಲು 3 ವರ್ಷ ಅವಧಿಯಿದೆ. ವಿಳಂಬಕ್ಕೆ ತಕ್ಕ ಕಾರಣವಿದ್ದರೆ ವೇತನದ ಅರ್ಜಿಯನ್ನು ಅನಂತರವೂ ಸ್ವೀಕರಿಸಬಹುದು. ಪಗಾರ ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಭಾರವೂ ಮಾಲಕನದೇ. ಆದ್ದರಿಂದ ಕನಿಷ್ಠ 3 ವರ್ಷಗಳ ದಾಖಲೆ ಕೈಯಲ್ಲಿರಲೇಬೇಕು.

2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣದಲ್ಲಿ ತಡವಾಗಿ ಪ್ರಮಾಣಪತ್ರ ಸಲ್ಲಿಸಲು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅನುಮತಿಸಿದ್ದುಂಟು. ಆದರೆ ಮೂಲ ಯಂತ್ರವೇ ಗುಜರಿಗೆ ಹೋದ ಮೇಲೆ ಅಂಥ ಅನುಮತಿ ದೊರೆತರೂ ಪ್ರಯೋಜನವಿಲ್ಲ. ಹಿಂದಿನ ವ್ಯಾಪಾರಸ್ಥರು ಕೀರ್ದಿ-ಖತಾವಣಿಗಳನ್ನು ಜೋಪಾನ ಮಾಡುತ್ತಿದ್ದ ಶ್ರದ್ಧೆಯನ್ನೇ ಇಂದಿನವರು ಯಂತ್ರದ ದಾಖಲೆಗೂ ತೋರಿದರೆ, ಪ್ರಾಮಾಣಿಕ ಮಾಲಕನಿಗೂ ದುಡಿದ ನೌಕರನಿಗೂ ನ್ಯಾಯ ದೊರಕುವುದು ಸುಲಭವಾಗುತ್ತದೆ.